ಮುಖದ ಬಣ್ಣ ಒಂದೇ ಸಮನಾಗಿ ಇಲ್ಲದಿರುವುದೇಕೆ? ಕಲೆ, ಬಂಗು ಮತ್ತು ಚರ್ಮದ ಮುಪ್ಪಿನ ಕುರಿತು ಚರ್ಚೆ

ಬೆಳ್ಳಿಚುಕ್ಕಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನನಗೆ ನಲವತ್ತು ದಾಟಿದೆ. ಎರಡೂ ಕೆನ್ನೆಗಳ ಮೇಲ್ಭಾಗದಲ್ಲಿ ಕಂದು ಛಾಯೆಯೊಂದು ನಿಧಾನವಾಗಿ ಹರಡಿದ್ದು, ಮೇಲ್ದುಟಿಯ ಮೇಲೂ ಅದೇ ಬಣ್ಣ ಕಾಣಿಸಿಕೊಂಡಿದೆ. ಗದ್ದದ ಸುತ್ತ ಹಳೆಯ ಮೊಡವೆಗಳು ಬಿಟ್ಟುಹೋದ ಚುಕ್ಕೆಗಳಿವೆ. ಕಣ್ಣಿನ ಅಂಚಿನಲ್ಲಿ ಸಣ್ಣ ಗೆರೆಗಳು ಮೂಡತೊಡಗಿವೆ. ಬಲ್ಲವರೆಲ್ಲ ಇವನ್ನು ಒಟ್ಟಾಗಿ ಸೇರಿಸಿ ವಯಸ್ಸಿನ ಮೇಲೆ ಹಾಕುತ್ತಾರೆ. ಕೇಳಿದಲ್ಲೆಲ್ಲ ಮೂರಕ್ಕೂ ಒಂದೇ ಮುಲಾಮನ್ನು ಸೂಚಿಸುತ್ತಾರೆ.

ನನಗೆ ಮುಲಾಮಿನ ಹೆಸರಿಗಿಂತ ಮೊದಲು ಕಾರಣ ಬೇಕಾಗಿದೆ. ಇವೆಲ್ಲ ಒಂದೇ ಮೂಲದಿಂದ ಬಂದವೇ? ನಾನು ಹಗಲೆಲ್ಲ ಕಟ್ಟಡದೊಳಗೆ, ಕಿಟಕಿಯ ಪಕ್ಕದ ಮೇಜಿನಲ್ಲಿ ಕುಳಿತು ಕೆಲಸ ಮಾಡುವವಳು. ಬಿಸಿಲಿಗೇ ಹೋಗದವಳಿಗೆ ಬಿಸಿಲಿನ ಕಲೆ ಬರುವುದು ಸಾಧ್ಯವೇ? ಚರ್ಮದ ಬಣ್ಣ ಏರುಪೇರಾಗುವುದಕ್ಕೂ ಚರ್ಮ ಮುಪ್ಪಾಗುವುದಕ್ಕೂ ನಿಜವಾಗಿ ಸಂಬಂಧವಿದೆಯೇ, ಅಥವಾ ಎರಡೂ ಒಂದೇ ವಯಸ್ಸಿನಲ್ಲಿ ಎದುರಾಗುವುದರಿಂದ ಹಾಗೆ ತೋರುತ್ತದೆಯೇ?

ಹೊಂಗೆನೆರಳು

ಬೆಳ್ಳಿಚುಕ್ಕಿಯವರೇ, ನೀವು ಹೇಳಿದ ಮೂರೂ ಬೇರೆ ಬೇರೆ ಸಂಗತಿಗಳೆಂದೇ ತೋರುತ್ತದೆ, ಆದರೆ ಅವುಗಳ ಬೇರುಗಳು ಕೆಳಗೆ ಹೆಣೆದುಕೊಂಡಿವೆ. ಚರ್ಮರೋಗ ವಿಭಾಗದಲ್ಲಿ ಬಹುಕಾಲ ಶುಶ್ರೂಷಕಿಯಾಗಿದ್ದವಳಾದ್ದರಿಂದ ಕಂಡದ್ದನ್ನೂ ಓದಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ. ಇದು ಇಂಥದೇ ಎಂದು ಖಚಿತವಾಗಿ ಹೇಳಬೇಕಾದವರು ಮುಖವನ್ನು ಕಣ್ಣಾರೆ ನೋಡಿದ ವೈದ್ಯರು.

ಹೊರಚರ್ಮದ ತೀರಾ ತಳದ ಪದರದಲ್ಲಿ ಮೆಲನೊಸೈಟ್ ಎಂಬ ವರ್ಣಕೋಶಗಳಿವೆ. ಅವು ಟೈರೊಸಿನ್ ಎಂಬ ಅಮೈನೊ ಆಮ್ಲವನ್ನು ಟೈರೊಸಿನೇಸ್ ಎಂಬ ಕಿಣ್ವದ ನೆರವಿನಿಂದ ಮೆಲನಿನ್ ಎಂಬ ಬಣ್ಣವಾಗಿ ಮಾರ್ಪಡಿಸಿ, ಅದನ್ನು ಸೂಕ್ಷ್ಮ ಕಣಗಳಲ್ಲಿ ತುಂಬಿ, ತಮ್ಮ ಕವಲುಗಳ ಮೂಲಕ ಸುತ್ತಲಿನ ಕೋಶಗಳಿಗೆ ಹಂಚುತ್ತವೆ. ಒಂದು ವರ್ಣಕೋಶ ಸುಮಾರು 36 ನೆರೆಕೋಶಗಳಿಗೆ ಬಣ್ಣ ಒದಗಿಸುತ್ತದೆ. ಬಣ್ಣವನ್ನು ಪಡೆದ ಕೋಶ ಅದನ್ನು ತನ್ನ ಕೇಂದ್ರದ ಮೇಲೆ ಕೊಡೆಯಂತೆ ಹರಡಿಕೊಂಡು, ಒಳಗಿರುವ ಡಿಎನ್‌ಎಯನ್ನು ಬೆಳಕಿನಿಂದ ಕಾಪಾಡಿಕೊಳ್ಳುತ್ತದೆ. ಕಪ್ಪು ಚರ್ಮದವರಲ್ಲಿಯೂ ಬಿಳಿ ಚರ್ಮದವರಲ್ಲಿಯೂ ವರ್ಣಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಆಗಿದ್ದು, ವ್ಯತ್ಯಾಸವಿರುವುದು ಬಣ್ಣದ ಕಣಗಳ ಗಾತ್ರದಲ್ಲಿ, ಪ್ರಮಾಣದಲ್ಲಿ ಮತ್ತು ಹಂಚಿಕೆಯಲ್ಲಿ. ಹೀಗಾಗಿ ಕಲೆ ಎಂದರೆ ಚರ್ಮದ ಮೇಲೆ ಕೂತ ಕೊಳೆಯಲ್ಲ, ಉಜ್ಜಿ ತೆಗೆಯುವ ವಸ್ತುವೂ ಅಲ್ಲ. ಅಪಾಯವಿದೆ ಎಂದು ತಿಳಿದ ಜೀವಂತ ಕೋಶಗಳು ಒಂದು ಜಾಗದಲ್ಲಿ ಹೆಚ್ಚು ದುಡಿದದ್ದರ ಗುರುತು ಅದು. ಆ ಅಪಾಯ ಯಾವುದು ಎಂಬುದರ ಮೇಲೆ ಕಲೆಯ ಹೆಸರು ನಿಂತಿದೆ.

ಕೆನ್ನೆ, ಹಣೆ, ಮೇಲ್ದುಟಿಗಳ ಮೇಲೆ ಎಡಬಲಗಳಲ್ಲಿ ಒಂದೇ ರೀತಿ, ಅಂಚು ಸ್ಪಷ್ಟವಿಲ್ಲದ ಮೋಡದಂಥ ಆಕಾರದಲ್ಲಿ ಹರಡುವ ಕಂದುಬಣ್ಣ ಸಾಮಾನ್ಯವಾಗಿ ಬಂಗು. ಅದು ಹೆಂಗಸರಲ್ಲಿಯೇ ಹೆಚ್ಚು. ಬಸಿರಿನ ಕಾಲದಲ್ಲಿ ಅಥವಾ ಗರ್ಭನಿರೋಧಕ ಮಾತ್ರೆ ಸೇವಿಸುವಾಗ ಮೊದಲು ಕಾಣಿಸಿಕೊಳ್ಳುವುದುಂಟು, ಏಕೆಂದರೆ ಹೆಣ್ಣಿನ ಹಾರ್ಮೋನುಗಳು ವರ್ಣಕೋಶಗಳನ್ನು ಪ್ರಚೋದಿಸುತ್ತವೆ; ಆ ಕೋಶಗಳನ್ನು ಮತ್ತೆ ಮತ್ತೆ ಎಚ್ಚರಿಸುವುದು ಬೆಳಕು. ಮನೆತನದಲ್ಲಿ ಯಾರಿಗಾದರೂ ಇದ್ದರೆ ಬರುವ ಸಾಧ್ಯತೆ ಹೆಚ್ಚು.

ಗದ್ದದ ಚುಕ್ಕೆಗಳ ಕತೆ ಬೇರೆ. ಮೊಡವೆ, ಇಸುಬು, ಸುಟ್ಟಗಾಯ, ಕೀಟದ ಕಡಿತ, ತುರಿಸಿದ ಗಾಯ, ಯಾವುದರಿಂದಲೇ ಆಗಲಿ ಚರ್ಮದಲ್ಲಿ ಉರಿಯೂತ ಉಂಟಾದರೆ, ಅಲ್ಲಿ ಬಿಡುಗಡೆಯಾಗುವ ರಾಸಾಯನಿಕಗಳು ಪಕ್ಕದ ವರ್ಣಕೋಶಗಳನ್ನು ಕೆರಳಿಸುತ್ತವೆ. ಕಲೆಯು ಗಾಯವಿದ್ದ ಜಾಗದಲ್ಲಿಯೇ, ಗಾಯದ ಆಕಾರದಲ್ಲಿಯೇ ಉಳಿಯುತ್ತದೆ. ಬಣ್ಣ ಹೊರಚರ್ಮದಲ್ಲಷ್ಟೇ ಇದ್ದರೆ ಕಲೆ ಕಂದಾಗಿ ಕಂಡು ತಿಂಗಳುಗಳಲ್ಲಿ ಮಾಸುತ್ತದೆ. ಉರಿಯೂತ ಬಲವಾಗಿದ್ದು ತಳದ ಪದರ ಹರಿದರೆ ಬಣ್ಣದ ಕಣಗಳು ಒಳಚರ್ಮಕ್ಕೆ ಜಾರಿ, ಅಲ್ಲಿನ ಭಕ್ಷಕ ಕೋಶಗಳಲ್ಲಿ ಸಿಕ್ಕಿಕೊಂಡು, ಬೂದು ಮಿಶ್ರಿತ ನೀಲಿಯಾಗಿ ಕಾಣುತ್ತವೆ. ಅಂಥ ಕಲೆ ವರ್ಷಗಟ್ಟಲೆ ಉಳಿಯಬಹುದು. ಕಪ್ಪು ಮತ್ತು ಗೋಧಿಬಣ್ಣದ ಚರ್ಮದವರನ್ನು ಅತಿ ಹೆಚ್ಚು ಕಾಡುವುದು ಈ ಬಗೆ.

ಕಲೆಗಳಲ್ಲಿ ಮೂರನೆಯ ಬಗೆ, ನೀವು ಹೇಳದಿದ್ದರೂ ಮುಂದೆ ಎದುರಾಗಬಹುದಾದದ್ದು, ಬಿಸಿಲಿನ ಮಚ್ಚೆ. ಮುಖ, ಮುಂಗೈಗಳ ಹಿಂಭಾಗದಲ್ಲಿ ಅಂಚು ಸ್ಪಷ್ಟವಾಗಿರುವ ಚಪ್ಪಟೆ ಕಂದು ಚುಕ್ಕೆಗಳಾಗಿ ಬರುತ್ತದೆ. ಇದಕ್ಕೂ ಯಕೃತ್ತಿಗೂ ನಂಟಿದೆ ಎಂಬ ನಂಬಿಕೆ ಹಲವೆಡೆ ಇದೆ. ಅಂಥ ಯಾವ ನಂಟೂ ಇಲ್ಲ.

ತಿಳಿಗೊಳ

ಹೊಂಗೆನೆರಳು ಅವರ ವಿವರಣೆ ಉಪಯುಕ್ತವಾಗಿದೆ. ಕತ್ತಿನ ಹಿಂಭಾಗ ಮತ್ತು ಕಂಕುಳು ಕಪ್ಪಾಗುವುದು ಈ ಮೂರರಲ್ಲಿ ಯಾವುದು? ನನ್ನ ತಮ್ಮನಿಗೆ ಎಷ್ಟು ಉಜ್ಜಿ ತೊಳೆದರೂ ಹೋಗುತ್ತಿಲ್ಲ. ಹಾಗೆಯೇ ಕಣ್ಣಿನ ಕೆಳಗಿನ ಕಪ್ಪಿಗೆ ನಿದ್ದೆಗೆಡುವುದೊಂದೇ ಕಾರಣವೇ?

ಹೊಂಗೆನೆರಳು

ತಿಳಿಗೊಳ ಅವರೇ, ನಿಮ್ಮ ತಮ್ಮನ ಕತ್ತು ಮೂರರಲ್ಲಿ ಯಾವುದಕ್ಕೂ ಸೇರುವಂತೆ ಕಾಣುವುದಿಲ್ಲ. ಕತ್ತು, ಕಂಕುಳುಗಳ ಚರ್ಮ ಕಪ್ಪಾಗುವುದರ ಜೊತೆಗೆ ದಪ್ಪವಾಗಿ, ಮುಟ್ಟಿದರೆ ಮಖಮಲ್ಲಿನಂತಿದ್ದರೆ, ಅದು ಹೆಚ್ಚಿನ ಸಲ ದೇಹವು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದರ ಲಕ್ಷಣ. ರಕ್ತದಲ್ಲಿ ಏರಿದ ಇನ್ಸುಲಿನ್ ಚರ್ಮದ ಕೋಶಗಳನ್ನು ಬೆಳೆಯುವಂತೆ ಪ್ರಚೋದಿಸುತ್ತದೆ. ಉಜ್ಜಿದಷ್ಟೂ ಆ ಜಾಗ ಇನ್ನಷ್ಟು ಕಪ್ಪಾಗುತ್ತದೆ; ಉಜ್ಜುವುದನ್ನು ಬಿಟ್ಟು ರಕ್ತದ ಸಕ್ಕರೆ ಮತ್ತು ತೂಕವನ್ನು ಪರೀಕ್ಷಿಸಿಕೊಳ್ಳಲಿ. ಸಕ್ಕರೆಕಾಯಿಲೆ ಬರುವುದಕ್ಕೆ ಎಷ್ಟೋ ಮೊದಲೇ ಕತ್ತು ಈ ಸುಳಿವು ಕೊಡುವುದುಂಟು.

ಕಣ್ಣಿನ ಕೆಳಗಿನ ಕಪ್ಪಿಗೆ ನಿದ್ದೆಯನ್ನು ಎಲ್ಲರೂ ದೂರುತ್ತಾರೆ, ಆದರೆ ಅದರ ಪಾಲು ಸಣ್ಣದು. ಕೆಲವರಲ್ಲಿ ಅದು ಹುಟ್ಟಿನಿಂದ ಬಂದ ಬಣ್ಣ, ಕೆಲವರಲ್ಲಿ ತೆಳುಚರ್ಮದಡಿಯ ರಕ್ತನಾಳಗಳ ಛಾಯೆ, ಅಲರ್ಜಿಯಿಂದ ಕಣ್ಣುಜ್ಜುವವರಲ್ಲಿ ಉಜ್ಜುವಿಕೆಯ ಕಲೆ, ವಯಸ್ಸಾದವರಲ್ಲಿ ಕೊಬ್ಬು ಕರಗಿ ಉಂಟಾದ ತಗ್ಗಿನ ಬರಿಯ ನೆರಳು. ತಗ್ಗಿನ ನೆರಳಿಗೆ ಯಾವ ಮುಲಾಮೂ ನಾಟುವುದಿಲ್ಲ. ಬೆಳಕನ್ನು ಮುಖದ ನೇರಕ್ಕೆ ಹಿಡಿದಾಗ ಕಪ್ಪು ಬಹುಮಟ್ಟಿಗೆ ಮಾಯವಾದರೆ ಅದು ನೆರಳೇ ಎಂದು ತಿಳಿಯಬಹುದು.

ಬಿಳಿಹಾಳೆ

ಚರ್ಚೆಯೆಲ್ಲ ಕಪ್ಪಾಗುವುದರ ಬಗ್ಗೆಯೇ ನಡೆದಿದೆ. ಬಣ್ಣ ಕಳೆದುಕೊಂಡು ಬೆಳ್ಳಗಾಗುವ ಮಚ್ಚೆಗಳ ಬಗ್ಗೆಯೂ ಬಲ್ಲವರು ನಾಲ್ಕು ಮಾತು ಬರೆಯಬೇಕೆಂದು ಕೋರುತ್ತೇನೆ, ಏಕೆಂದರೆ ಅವು ಕಂಡ ಕೂಡಲೇ ಜನ ತೊನ್ನೆಂದು ಹೆದರುತ್ತಾರೆ.

ಹೊಂಗೆನೆರಳು

ಚುಕ್ಕಿಯಂಥ ಬಿಳುಪೆಲ್ಲ ತೊನ್ನಲ್ಲ. ಎದೆ, ಬೆನ್ನು, ತೋಳುಗಳ ಮೇಲೆ ಸಣ್ಣ ಹೊಟ್ಟಿನೊಂದಿಗೆ ಬರುವ ಮಾಸಲು ಮಚ್ಚೆಗಳು ಚಿಬ್ಬು ಆಗಿರಬಹುದು. ಎಲ್ಲರ ಚರ್ಮದಲ್ಲಿಯೂ ವಾಸಿಸುವ ಮಲಸೇಜಿಯ ಎಂಬ ಶಿಲೀಂಧ್ರ ಅತಿಯಾಗಿ ಬೆಳೆದಾಗ ಅದು ಬರುತ್ತದೆ. ಔಷಧದಿಂದ ಶಿಲೀಂಧ್ರ ಬೇಗ ಸಾಯುತ್ತದೆ, ಆದರೆ ಬಣ್ಣ ಮರಳಲು ತಿಂಗಳುಗಳು ಬೇಕಾಗುವುದರಿಂದ ಔಷಧ ಕೆಲಸ ಮಾಡಲಿಲ್ಲವೆಂದು ಜನ ತಪ್ಪು ತಿಳಿಯುತ್ತಾರೆ. ಮಕ್ಕಳ ಕೆನ್ನೆಯ ಒಣಗಿದ ತಿಳಿಮಚ್ಚೆಗಳು ಬಹುತೇಕ ಇಸುಬಿನ ಸೌಮ್ಯ ರೂಪ. ಮಧ್ಯವಯಸ್ಸಿನ ಬಳಿಕ ಮೊಣಕಾಲ ಕೆಳಗೆ ಮತ್ತು ಮುಂಗೈಗಳ ಮೇಲೆ ಕಾಣುವ ಹನಿಹನಿಯಾದ ಬಿಳಿ ಚುಕ್ಕೆಗಳು ವಯಸ್ಸು ಮತ್ತು ಬಿಸಿಲುಗಳಿಂದ ಬಂದವು, ಅವುಗಳಿಂದ ಕೆಡುಕಿಲ್ಲ.

ತೊನ್ನಿನಲ್ಲಿ ಬಿಳುಪು ಸುಣ್ಣದಷ್ಟು ಗಾಢವಾಗಿರುತ್ತದೆ, ಏಕೆಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ವರ್ಣಕೋಶಗಳನ್ನು ನಾಶಮಾಡುತ್ತದೆ. ಅದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಥೈರಾಯ್ಡ್ ತೊಂದರೆ ಜೊತೆಗಿರುವ ಸಾಧ್ಯತೆ ಇರುವುದರಿಂದ ಅದನ್ನೂ ಪರೀಕ್ಷಿಸುವುದು ರೂಢಿ. ಚಿಕಿತ್ಸೆಯೇ ಇಲ್ಲವೆಂಬ ಮಾತು ಹಳತಾಯಿತು. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ರಕ್ಸೋಲಿಟಿನಿಬ್ ಎಂಬ ಮುಲಾಮನ್ನು ತೊನ್ನಿನಲ್ಲಿ ಬಣ್ಣ ಮರಳಿಸುವ ಔಷಧವಾಗಿ ಅನುಮೋದಿಸಿತು. ಆದರೆ ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ: ತಿಳಿಬಣ್ಣದ ಮಚ್ಚೆಯಲ್ಲಿ ಸ್ಪರ್ಶ, ಬಿಸಿ, ನೋವು ತಿಳಿಯದಂತಾಗಿದ್ದರೆ ಅದು ಕುಷ್ಠದ ಲಕ್ಷಣವಾಗಿರಬಹುದು. ಅದು ಪೂರ್ತಿ ಗುಣವಾಗುವ ರೋಗ, ಆದರೆ ತಡಮಾಡಿದರೆ ನರಗಳು ಹಾಳಾಗುತ್ತವೆ.

ಗಾಜಿನಾಚೆ

ಬೆಳ್ಳಿಚುಕ್ಕಿಯವರ ಎರಡನೆಯ ಪ್ರಶ್ನೆ, ಅಂದರೆ ಕಿಟಕಿಯ ಪಕ್ಕ ಕುಳಿತವರಿಗೆ ಬಿಸಿಲಿನ ಕಲೆ ಬರುವುದೇ ಎಂಬುದು, ಇಡೀ ವಿಷಯದ ನಡುಗಂಬವೆಂದು ನನಗೆ ತೋರುತ್ತದೆ. ಕಿಟಕಿ ಗಾಜುಗಳ ತಯಾರಿಕೆಯ ತಾಂತ್ರಿಕ ವಿಭಾಗದಲ್ಲಿ ಕೆಲಸ ಮಾಡುವವನಾದ್ದರಿಂದ ಆ ಭಾಗವನ್ನು ವಿವರಿಸುತ್ತೇನೆ.

ನೆಲ ಮುಟ್ಟುವ ನೇರಳಾತೀತ ಕಿರಣಗಳಲ್ಲಿ ಎರಡು ಬಗೆ. ಸುಮಾರು 320 ನ್ಯಾನೊಮೀಟರ್‌ಗಿಂತ ಕಡಿಮೆ ತರಂಗಾಂತರದ ಬಿ ಕಿರಣಗಳು ಹೊರಚರ್ಮದಲ್ಲಿಯೇ ಹೀರಲ್ಪಟ್ಟು ಚರ್ಮವನ್ನು ಕೆಂಪಗೆ ಸುಡುತ್ತವೆ. ಅಲ್ಲಿಂದ 400 ನ್ಯಾನೊಮೀಟರ್‌ವರೆಗಿನ ಎ ಕಿರಣಗಳು ಒಳಚರ್ಮದವರೆಗೂ ಇಳಿಯುತ್ತವೆ, ಮತ್ತು ನಮ್ಮನ್ನು ತಲುಪುವ ನೇರಳಾತೀತದಲ್ಲಿ ಸುಮಾರು 95 ಪ್ರತಿಶತ ಇವೇ. ಸಾಮಾನ್ಯ ಕಿಟಕಿ ಗಾಜು ಬಿ ಕಿರಣಗಳನ್ನು ಬಹುತೇಕ ತಡೆಯುತ್ತದೆ, ಎ ಕಿರಣಗಳಲ್ಲಿ ದೊಡ್ಡ ಪಾಲನ್ನು ಒಳಗೆ ಬಿಡುತ್ತದೆ. ಹೀಗಾಗಿ ಗಾಜಿನ ಹಿಂದೆ ಕುಳಿತವರಿಗೆ ಚರ್ಮ ಸುಡುವ ಅನುಭವವೇ ಆಗದು. ಎಚ್ಚರಿಸುವ ಕಿರಣ ಹೊರಗುಳಿದು, ಸದ್ದಿಲ್ಲದೆ ಕೆಡಿಸುವ ಕಿರಣ ಒಳಬರುತ್ತದೆ. ವಾಹನಗಳ ಮುಂಗಾಜು ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಸೇರಿಸಿದ್ದಾದ್ದರಿಂದ ಎ ಕಿರಣಗಳನ್ನೂ ಚೆನ್ನಾಗಿ ತಡೆಯುತ್ತದೆ. ಪಕ್ಕದ ಗಾಜುಗಳ ವಿಷಯದಲ್ಲಿ ಆ ಭರವಸೆ ಇಲ್ಲ.

ಇದರ ಸ್ಪಷ್ಟ ಸಾಕ್ಷಿ 2012ರಲ್ಲಿ ಒಂದು ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಚಿತ್ರ. 28 ವರ್ಷ ಸರಕು ವಾಹನ ಓಡಿಸಿದ 69 ವಯಸ್ಸಿನ ವ್ಯಕ್ತಿಯೊಬ್ಬರ ಮುಖದ ಎಡಭಾಗ, ಅಂದರೆ ಕಿಟಕಿಯ ಕಡೆಗಿದ್ದ ಭಾಗ, ದಪ್ಪವಾಗಿ, ಆಳವಾದ ಸುಕ್ಕುಗಳಿಂದ ಜೋತುಬಿದ್ದಿದ್ದರೆ, ಬಲಭಾಗ ಬಹಳ ಕಿರಿಯರ ಮುಖದಂತಿತ್ತು. ಒಂದೇ ವಯಸ್ಸು, ಒಂದೇ ವಂಶವಾಹಿ, ಒಂದೇ ಆಹಾರ; ಬೇರೆಯಿದ್ದದ್ದು ಬೆಳಕಷ್ಟೇ.

ಇನ್ನೂ ಒಂದು ಸಂಗತಿ ಇದೆ. ಕಣ್ಣಿಗೆ ಕಾಣುವ ಬೆಳಕು, ಅದರಲ್ಲಿಯೂ ನೀಲಿ ಮತ್ತು ನೇರಳೆಯ ಭಾಗ, ಕಪ್ಪು ಮತ್ತು ಗೋಧಿಬಣ್ಣದ ಚರ್ಮದಲ್ಲಿ ದೀರ್ಘಕಾಲ ಉಳಿಯುವ ಕಪ್ಪನ್ನು ಉಂಟುಮಾಡುತ್ತದೆ. ತೀರಾ ಬಿಳಿಯ ಚರ್ಮದಲ್ಲಿ ಹೀಗಾಗುವುದಿಲ್ಲ. 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ವರ್ಣಕೋಶಗಳಲ್ಲಿರುವ ಆಪ್ಸಿನ್-3 ಎಂಬ ಗ್ರಾಹಕ ನೀಲಿ ಬೆಳಕನ್ನು ಗುರುತಿಸುತ್ತದೆ ಎಂದು ತೋರಿಸಿತು. ಹಚ್ಚಿದರೆ ಬಿಳಿಯ ಲೇಪ ಕಾಣದ ಸಾಮಾನ್ಯ ಸನ್‌ಸ್ಕ್ರೀನ್‌ಗಳು ಕಣ್ಣಿಗೆ ಕಾಣುವ ಬೆಳಕನ್ನು ತಡೆಯಲಾರವು. ಪಾರದರ್ಶಕವಾಗಿದ್ದರೆ ಬೆಳಕು ಹಾದುಹೋಗಲೇಬೇಕಲ್ಲವೇ? ಐರನ್ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣದ್ದೇ ಆದ ಸನ್‌ಸ್ಕ್ರೀನ್ ಮಾತ್ರ ಅದನ್ನು ತಡೆಯುತ್ತದೆ. ಶ್ರದ್ಧೆಯಿಂದ ಸನ್‌ಸ್ಕ್ರೀನ್ ಹಚ್ಚಿಯೂ ಬಂಗು ಕಡಿಮೆಯಾಗದೆ ನಿರಾಶರಾದವರು ಬಹಳ ಮಂದಿ ಇದ್ದಾರೆ, ಮತ್ತು ಅವರಿಗೆ ಈ ಒಂದು ಮಾಹಿತಿ ತಲುಪದೆ ಹೋದದ್ದು ನನಗೆ ಬೇಸರದ ಸಂಗತಿ.

ಮೊಬೈಲ್ ಪರದೆಯ ನೀಲಿ ಬೆಳಕಿನ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಹಗಲಿನ ಬೆಳಕಿನ ಮುಂದೆ ಅದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಆ ಹೆಸರಿನಲ್ಲಿ ಮಾರುವ ಮುಲಾಮುಗಳು ಮೊದಲು ಭಯವನ್ನು ಮಾರಿ ಆಮೇಲೆ ತಾವು ಮಾರಾಟವಾಗುತ್ತವೆ.

ನೇರನುಡಿ

ನನ್ನದೊಂದು ಭಿನ್ನಾಭಿಪ್ರಾಯ. ಮೆಲನಿನ್ನೇ ಕೊಡೆ ಎಂದು ಮೇಲೆ ಬರೆದಿದ್ದಾರೆ. ಹಾಗಿದ್ದರೆ ಕಪ್ಪು ಚರ್ಮದವರಿಗೆ ಇಷ್ಟೆಲ್ಲ ರಕ್ಷಣೆ ಏಕೆ ಬೇಕು? ನಮ್ಮ ಹಿರಿಯರು ಬಿಸಿಲಿನಲ್ಲಿಯೇ ಬದುಕಿದವರು. ಅವರಲ್ಲಿ ಅನೇಕರ ಮುಖ ಎಪ್ಪತ್ತರಲ್ಲಿಯೂ ಬಿಗಿಯಾಗಿತ್ತು. ಮುಪ್ಪು ವಂಶದಿಂದ ಬರುವುದು, ಅದನ್ನು ಬಿಸಿಲಿನ ತಲೆಗೆ ಕಟ್ಟುವುದರಲ್ಲಿ ವ್ಯಾಪಾರದ ಹಿತವೇ ಹೆಚ್ಚೆಂದು ನನಗನಿಸುತ್ತದೆ.

ಅರಳಿಕಟ್ಟೆ

ನೇರನುಡಿಯವರೇ, ವ್ಯಾಪಾರದ ಬಗ್ಗೆ ನಿಮ್ಮ ಅನುಮಾನ ನ್ಯಾಯವಾದದ್ದು, ಮತ್ತು ನಿಮ್ಮ ಮಾತಿನಲ್ಲಿ ಅರ್ಧ ನಿಜವೂ ಇದೆ. 1979ರಲ್ಲಿ ಪ್ರಕಟವಾದ ಪ್ರಯೋಗವೊಂದು ಕಪ್ಪು ಚರ್ಮದ ಹೊರಪದರಕ್ಕೆ ಸಹಜವಾಗಿಯೇ ಸುಮಾರು 13.4ರಷ್ಟು ರಕ್ಷಣಾಂಕ (ಸನ್‌ಸ್ಕ್ರೀನ್ ಡಬ್ಬಿಯ ಮೇಲಿನ ಎಸ್‌ಪಿಎಫ್) ಇದೆಯೆಂದೂ ಬಿಳಿ ಚರ್ಮಕ್ಕೆ 3.4ರಷ್ಟು ಮಾತ್ರವೆಂದೂ ಅಳೆಯಿತು. ಆದ್ದರಿಂದಲೇ ಕಪ್ಪು ಚರ್ಮದವರಲ್ಲಿ ಸುಕ್ಕುಗಳು ತಡವಾಗಿ ಬರುತ್ತವೆ. ಆದರೆ ಅಂಥ ಚರ್ಮದಲ್ಲಿ ಬೆಳಕಿನ ಹಾನಿ ಮೊದಲು ತೋರುವುದು ಗೆರೆಗಳಾಗಿ ಅಲ್ಲ, ಬಣ್ಣದ ಏರುಪೇರಾಗಿ. ನಿಮ್ಮ ಹಿರಿಯರ ಮುಖ ಬಿಗಿಯಾಗಿದ್ದಿರಬಹುದು. ಅವರ ಹಣೆ ಮತ್ತು ಕೆನ್ನೆಯ ಬಣ್ಣವನ್ನು ಅವರದೇ ತೋಳಿನ ಒಳಭಾಗದ ಬಣ್ಣದೊಂದಿಗೆ ಹೋಲಿಸಿದ್ದರೆ ವ್ಯತ್ಯಾಸ ಕಾಣುತ್ತಿತ್ತು.

ತೋಳಿನ ಹೋಲಿಕೆಯನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ತೋಳಿನ ಮೇಲ್ಭಾಗದ ಒಳಬದಿ ಸದಾ ಬಟ್ಟೆಯ ಮರೆಯಲ್ಲಿರುತ್ತದೆ. ಅಲ್ಲಿ ಕಾಣುವುದು ಬರಿಯ ವಯಸ್ಸಿನ ಮುಪ್ಪು: ಚರ್ಮ ತೆಳುವಾಗುತ್ತದೆ, ಒಣಗುತ್ತದೆ, ನಯವಾದ ಸಣ್ಣ ನೆರಿಗೆಗಳು ಬೀಳುತ್ತವೆ, ಆದರೆ ಬಣ್ಣ ಒಂದೇ ಸಮನಾಗಿರುತ್ತದೆ. ಮುಂಗೈಯ ಹೊರಬದಿಯಲ್ಲಿರುವ ಒರಟುತನ, ಮಚ್ಚೆ, ಆಳವಾದ ಗೆರೆ ಇವೆಲ್ಲ ಹೊರಗಿನಿಂದ ಬಂದ ಮುಪ್ಪು. ವಂಶ ನಿರ್ಧರಿಸುವುದು ಮೊದಲನೆಯದನ್ನು. ಎರಡನೆಯದರಲ್ಲಿ ದೊಡ್ಡ ಪಾಲು ಬೆಳಕಿನದು.

ಒಳಗೆ ನಡೆಯುವುದೇನೆಂದರೆ, ಒಳಚರ್ಮಕ್ಕೆ ಬಲ ಕೊಡುವ ಕೊಲಾಜೆನ್ ನಾರುಗಳನ್ನು ಕತ್ತರಿಸುವ ಕಿಣ್ವಗಳು ಚರ್ಮದಲ್ಲಿ ಸಹಜವಾಗಿಯೇ ಇವೆ. ನೇರಳಾತೀತ ಕಿರಣ ಬಿದ್ದಾಗ, ಚರ್ಮ ಕೆಂಪಗಾಗದಷ್ಟು ಕಡಿಮೆ ಪ್ರಮಾಣದಲ್ಲಿ ಬಿದ್ದಾಗಲೂ, ಆ ಕಿಣ್ವಗಳು ಕೆಲವೇ ಗಂಟೆಗಳಲ್ಲಿ ಹೆಚ್ಚುತ್ತವೆ, ಹೊಸ ಕೊಲಾಜೆನ್ ತಯಾರಿಕೆ ಇಳಿಯುತ್ತದೆ. ಕತ್ತರಿಸಿದ್ದು ಪೂರ್ತಿ ದುರಸ್ತಿಯಾಗುವುದಿಲ್ಲ. ದಿನದಿನದ ಅರೆಕೊರೆ ದುರಸ್ತಿ ವರ್ಷಗಳಲ್ಲಿ ಒಟ್ಟಾಗಿ ಸುಕ್ಕೆಂದು ಕಾಣುತ್ತದೆ.

ಬೆಳ್ಳಿಚುಕ್ಕಿಯವರ ಮೂರನೆಯ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಬಂಗು ಇರುವ ಚರ್ಮದ ತುಣುಕನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಹೆಚ್ಚಿದ ಮೆಲನಿನ್ ಒಂದೇ ಅಲ್ಲ, ಕೆಟ್ಟ ಸ್ಥಿತಿಸ್ಥಾಪಕ ನಾರುಗಳ ಮುದ್ದೆ, ಹಾಳಾದ ತಳಪೊರೆ, ಹೆಚ್ಚಿದ ರಕ್ತನಾಳಗಳು ಕೂಡ ಕಾಣುತ್ತವೆ. ಬಿಸಿಲಿನಿಂದ ಮುಪ್ಪಾದ ಚರ್ಮದ ಲಕ್ಷಣಗಳೂ ಇವೇ. ಮುಪ್ಪಾದ ಒಳಚರ್ಮದ ಕೋಶಗಳು ಹೊರಸೂಸುವ ರಾಸಾಯನಿಕಗಳು ಮೇಲಿನ ವರ್ಣಕೋಶಗಳನ್ನು ಕೆರಳಿಸುತ್ತವೆ. ಇದರ ಜೊತೆಗೆ ವಯಸ್ಸು ಹೆಚ್ಚಿದಂತೆ ವರ್ಣಕೋಶಗಳ ಸಂಖ್ಯೆ ಇಳಿಯುತ್ತದೆ, ಉಳಿದವು ಕೆಲವೆಡೆ ದಟ್ಟವಾಗಿ, ಕೆಲವೆಡೆ ವಿರಳವಾಗಿ ಇರುತ್ತವೆ. ಹೊರಚರ್ಮ ತನ್ನನ್ನು ಹೊಸದಾಗಿಸಿಕೊಳ್ಳಲು ಎಳವೆಯಲ್ಲಿ ಸುಮಾರು ನಾಲ್ಕು ವಾರ ತೆಗೆದುಕೊಂಡರೆ, ಮುಪ್ಪಿನಲ್ಲಿ ಅದಕ್ಕಿಂತ ಬಹಳ ಹೆಚ್ಚು ಸಮಯ ಬೇಕು. ಆದ್ದರಿಂದ ಬಣ್ಣ ಕಳಚುವುದೂ ನಿಧಾನ. ಕೇವಲ ಕಾಕತಾಳೀಯವೆಂದು ಈ ಸಂಬಂಧವನ್ನು ತಳ್ಳಿಹಾಕಲು ಬರುವುದಿಲ್ಲ.

ಸನ್‌ಸ್ಕ್ರೀನ್ ಬರಿಯ ವ್ಯಾಪಾರವೇ ಎಂಬುದಕ್ಕೆ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ನಂಬೂರ್‌ನಲ್ಲಿ ನಡೆದ ಪ್ರಯೋಗದ ಫಲಿತಾಂಶವನ್ನು ನೋಡಬಹುದು. ಚೀಟಿ ಎತ್ತಿದಂತೆ ವಿಂಗಡಿಸಿದ ಗುಂಪುಗಳಲ್ಲಿ, 55 ವರ್ಷಕ್ಕಿಂತ ಕೆಳಗಿನ 903 ಮಂದಿಯನ್ನು ನಾಲ್ಕೂವರೆ ವರ್ಷ ಗಮನಿಸಲಾಯಿತು. ಪ್ರತಿದಿನ ಹಚ್ಚಿದವರಲ್ಲಿ ಚರ್ಮದ ಮುಪ್ಪು, ಮನಸ್ಸಿಗೆ ಬಂದಾಗ ಹಚ್ಚಿದವರಿಗಿಂತ 24 ಪ್ರತಿಶತ ಕಡಿಮೆಯಿತ್ತೆಂದು 2013ರಲ್ಲಿ ವರದಿಯಾಯಿತು. ಅದೇ ಪ್ರಯೋಗದಲ್ಲಿ ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಿಗೆ ಅಂಥ ಪ್ರಯೋಜನ ಕಾಣಲಿಲ್ಲ. ನೆರಳು, ಅಗಲ ಅಂಚಿನ ಟೋಪಿ, ಉದ್ದ ತೋಳಿನ ಬಟ್ಟೆ ಇವುಗಳಿಂದಲೂ ರಕ್ಷಣೆ ಸಿಗುತ್ತದೆ, ಅವುಗಳಲ್ಲಿ ನೀವು ಹೇಳುವ ವ್ಯಾಪಾರದ ಹಿತ ಹೆಚ್ಚೇನೂ ಇಲ್ಲ.

ಬಿಸಿಲಿನ ಬಳಿಕ ದೊಡ್ಡ ಕಾರಣ ಧೂಮಪಾನ. ಒಬ್ಬರು ಸೇದುವ, ಒಬ್ಬರು ಸೇದದ ಏಕರೂಪಿ ಅವಳಿಗಳನ್ನು ಹೋಲಿಸಿದಾಗ ಸೇದುವವರ ತುಟಿಯ ಸುತ್ತಲಿನ ಗೆರೆಗಳೂ ಕಣ್ಣಿನ ಕೆಳಗಿನ ಚೀಲಗಳೂ ಎದ್ದು ಕಂಡಿವೆ. ಹೆಂಗಸರಲ್ಲಿ ಮುಟ್ಟು ನಿಂತ ಬಳಿಕದ ಮೊದಲ ಐದು ವರ್ಷಗಳಲ್ಲಿ ಚರ್ಮದ ಕೊಲಾಜೆನ್ ಸುಮಾರು 30 ಪ್ರತಿಶತ ಇಳಿಯುತ್ತದೆ ಎಂಬ ಅಂದಾಜಿದೆ. ಕೆಲವೇ ವರ್ಷಗಳಲ್ಲಿ ಮುಖ ಬದಲಾಯಿತೆಂದು ಅನೇಕರು ಹೇಳುವುದು ಬರಿಯ ಭ್ರಮೆಯಲ್ಲ. ವಾಹನಗಳ ಹೊಗೆಯ ಸೂಕ್ಷ್ಮ ಕಣಗಳಿಗೂ ಮುಖದ ಮಚ್ಚೆಗಳಿಗೂ ನಂಟಿದೆಯೆಂದು ಜರ್ಮನಿಯ ಮಹಿಳೆಯರ ಅಧ್ಯಯನವೊಂದು 2010ರಲ್ಲಿ ತೋರಿಸಿತು. ರಕ್ತದಲ್ಲಿ ಸಕ್ಕರೆ ಸದಾ ಹೆಚ್ಚಿದ್ದರೆ ಅದು ಕೊಲಾಜೆನ್ ನಾರುಗಳಿಗೆ ಅಂಟಿ ಅವನ್ನು ಪೆಡಸಾಗಿಸುತ್ತದೆ.

ನೇರನುಡಿ

ತೋಳಿನ ಹೋಲಿಕೆ ಮಾಡಿ ನೋಡಿದೆ. ಬಣ್ಣದ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಸುಕ್ಕಿನ ವಿಷಯದಲ್ಲಿ ವಂಶದ ಪಾಲು ನೀವು ಹೇಳುವುದಕ್ಕಿಂತ ದೊಡ್ಡದೆಂಬ ನನ್ನ ಅನಿಸಿಕೆ ಹಾಗೆಯೇ ಉಳಿದಿದೆ.

ಮುಲಾಮುಡಬ್ಬಿ

ನಾನು ಔಷಧಗಳ ಗುಣಮಟ್ಟ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಕಲೆಗಳಿಗಿಂತ ಕಲೆಗಳಿಗೆ ಹಚ್ಚುವ ಮುಲಾಮುಗಳಿಂದ ಆಗುವ ಹಾನಿಯೇ ಹೆಚ್ಚೆಂಬುದು ನನ್ನ ಅಭಿಪ್ರಾಯವಾದ್ದರಿಂದ ಸ್ವಲ್ಪ ಕಟುವಾಗಿಯೇ ಬರೆಯುತ್ತೇನೆ.

ಮೊದಲನೆಯದು ಸ್ಟಿರಾಯ್ಡ್. ಬೀಟಾಮೆಥಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಇಂಥ ಹೆಸರುಗಳು ಡಬ್ಬಿಯ ಮೇಲಿದ್ದು, ವೈದ್ಯರು ಬರೆದುಕೊಡದೆ ಯಾರೋ ಸೂಚಿಸಿದ್ದಾದರೆ ಅದನ್ನು ಮುಖಕ್ಕೆ ಹಚ್ಚಬೇಡಿ. ಮೊದಲ ವಾರಗಳಲ್ಲಿ ಮುಖ ತಿಳಿಯಾಗುವುದು ನಿಜ, ಮತ್ತು ಆ ನಿಜವೇ ಬಲೆ. ಕೆಲವು ತಿಂಗಳುಗಳಲ್ಲಿ ಚರ್ಮ ತೆಳ್ಳಗಾಗಿ, ರಕ್ತನಾಳಗಳು ಹೊರಗೆ ಕಾಣುತ್ತವೆ, ಮೊಡವೆ ಏಳುತ್ತವೆ, ಬೇಡದ ಕೂದಲು ಬೆಳೆಯುತ್ತದೆ. ಬಿಟ್ಟರೆ ಮುಖ ಉರಿದು ಕೆಂಪಾಗುವುದರಿಂದ ಮತ್ತೆ ಅದನ್ನೇ ಹಚ್ಚುವಂತಾಗುತ್ತದೆ. ಹೀಗೆ ಸಿಕ್ಕಿಕೊಂಡವರು ಒಮ್ಮೆಗೇ ನಿಲ್ಲಿಸದೆ ತಜ್ಞರ ಮಾರ್ಗದರ್ಶನದಲ್ಲಿ ಇಳಿಸುತ್ತ ಬರಬೇಕು.

ಎರಡನೆಯದು ಪಾದರಸ. ಅದೂ ಟೈರೊಸಿನೇಸ್ ಕಿಣ್ವವನ್ನು ತಡೆಯುವುದರಿಂದ ಚರ್ಮ ಬೆಳ್ಳಗಾಗುತ್ತದೆ, ಆದರೆ ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡಗಳನ್ನೂ ನರಗಳನ್ನೂ ಕೆಡಿಸುತ್ತದೆ. ಆವಿಯಾಗಿ ಜೊತೆಯಲ್ಲಿರುವ ಮಕ್ಕಳ ಉಸಿರಿಗೂ ಸೇರಬಲ್ಲದು. 2013ರಲ್ಲಿ ರಾಷ್ಟ್ರಗಳು ಒಪ್ಪಿದ ಮಿನಮಾಟ ಒಡಂಬಡಿಕೆಯು ಪಾದರಸ ಬೆರೆಸಿದ ಇಂಥ ಪ್ರಸಾಧನಗಳನ್ನು ನಿಲ್ಲಿಸಬೇಕಾದ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದೆ. ಒಳಗಿರುವ ವಸ್ತುಗಳ ಪಟ್ಟಿಯನ್ನೇ ಮುದ್ರಿಸದ ಡಬ್ಬಿಯನ್ನು ಮುಟ್ಟದಿರುವುದು ಕ್ಷೇಮ.

ಹೈಡ್ರೊಕ್ವಿನೋನ್ ಬೇರೆ ಜಾತಿಯದು. ಸರಿಯಾಗಿ ಬಳಸಿದರೆ ಅದು ಕಲೆಯನ್ನು ತಿಳಿಯಾಗಿಸುವ ಪರಿಣಾಮಕಾರಿ ಔಷಧ. ಟ್ರೆಟಿನಾಯಿನ್ (ವಿಟಮಿನ್ ಎಯ ಒಂದು ರೂಪ) ಮತ್ತು ಸೌಮ್ಯ ಸ್ಟಿರಾಯ್ಡ್‌ನೊಂದಿಗೆ ಬೆರೆಸಿದ ಮೂರರ ಮಿಶ್ರಣವನ್ನು ವೈದ್ಯರು ಬಂಗಿಗೆ ಕೆಲವು ವಾರಗಳ ಮಟ್ಟಿಗೆ ಕೊಡುತ್ತಾರೆ. ಮಿತಿ ಮೀರಿ ವರ್ಷಗಟ್ಟಲೆ ಹಚ್ಚಿದವರಲ್ಲಿ ನೀಲಿಗಪ್ಪು ಬಣ್ಣ ಶಾಶ್ವತವಾಗಿ ಕೂರುವ ಅಪಾಯವಿದೆ. ಅಜೆಲಾಯಿಕ್ ಆಮ್ಲ, ನಿಯಾಸಿನಮೈಡ್, ವಿಟಮಿನ್ ಸಿ ಇವು ನಿಧಾನವಾದರೂ ಸೌಮ್ಯ.

ಮನೆಮದ್ದುಗಳ ಬಗ್ಗೆ ಒಂದೇ ಮಾತು. ನಿಂಬೆಯ ರಸ ಹಚ್ಚಿ ಬಿಸಿಲಿಗೆ ಹೋದರೆ ಅದರಲ್ಲಿರುವ ಸೊರಾಲೆನ್ ಎಂಬ ರಾಸಾಯನಿಕಗಳು ಎ ಕಿರಣಗಳೊಂದಿಗೆ ಸೇರಿ ಚರ್ಮವನ್ನು ಸುಟ್ಟು, ಮೊದಲಿಗಿಂತ ಕಪ್ಪಾದ ಕಲೆಯನ್ನು ಬಿಡಬಹುದು.

ಬೆಳ್ಳಿಚುಕ್ಕಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ನಾನು ಹಿಂದೆ ಹಲವು ವರ್ಷ ಗರ್ಭನಿರೋಧಕ ಮಾತ್ರೆ ಸೇವಿಸಿದ್ದೆ, ಈಗ ನಿಲ್ಲಿಸಿದ್ದೇನೆ. ಮೇಜಿನ ಎಡಕ್ಕೆ ಕಿಟಕಿಯಿದೆ, ಮತ್ತು ಎಡಗೆನ್ನೆಯ ಬಣ್ಣ ಬಲಕ್ಕಿಂತ ಸ್ವಲ್ಪ ಗಾಢವಾಗಿರುವುದನ್ನು ಇವತ್ತು ಗಮನಿಸಿದೆ. ಮೊಡವೆಯ ಕಲೆಗಳನ್ನು ಹರಳಿರುವ ಲೇಪದಿಂದ ವಾರಕ್ಕೆ ಹಲವು ಸಲ ಉಜ್ಜುವ ಅಭ್ಯಾಸವೂ ಇದೆ. ಎಲ್ಲಿಂದ ಆರಂಭಿಸಲಿ, ಎಷ್ಟು ಕಾಲದಲ್ಲಿ ಏನನ್ನು ನಿರೀಕ್ಷಿಸಲಿ?

ಹೊಂಗೆನೆರಳು

ಉಜ್ಜುವುದನ್ನು ಇಂದೇ ನಿಲ್ಲಿಸಿ. ಉಜ್ಜಿದಾಗ ಆಗುವ ಸೂಕ್ಷ್ಮ ಉರಿಯೂತವೇ ಹೊಸ ಕಲೆಗೆ ಕಾರಣವಾಗುತ್ತದೆ. ಹೊಸ ಮೊಡವೆಗಳು ಏಳುತ್ತಿದ್ದರೆ ಮೊದಲು ಅವುಗಳಿಗೆ ಚಿಕಿತ್ಸೆಯಾಗಲಿ. ಮೂಲವನ್ನು ಬಿಟ್ಟು ಕಲೆಯ ಹಿಂದೆ ಹೋದರೆ ಒಂದು ಮಾಸುವಷ್ಟರಲ್ಲಿ ಇನ್ನೊಂದು ಮೂಡಿರುತ್ತದೆ.

ಸನ್‌ಸ್ಕ್ರೀನ್ ವಿಷಯದಲ್ಲಿ ಅಂಕಿಗಿಂತ ಪ್ರಮಾಣ ಮುಖ್ಯ. ರಕ್ಷಣಾಂಕ 30 ಇದ್ದರೆ ಬಿ ಕಿರಣಗಳಲ್ಲಿ ಸುಮಾರು 97 ಪ್ರತಿಶತ, 50 ಇದ್ದರೆ ಸುಮಾರು 98 ಪ್ರತಿಶತ ತಡೆಯಲ್ಪಡುತ್ತವೆ, ವ್ಯತ್ಯಾಸ ಅಲ್ಪ. ಆದರೆ ಆ ಅಂಕಿಗಳನ್ನು ಅಳೆಯುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ, ಮತ್ತು ಬಹುತೇಕರು ಅದರ ಅರ್ಧವನ್ನೂ ಹಚ್ಚುವುದಿಲ್ಲ. ತೋರುಬೆರಳು ಮತ್ತು ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಎಳೆದಷ್ಟು ಮುಖ ಮತ್ತು ಕತ್ತಿಗೆ ಬೇಕು. ಎ ಕಿರಣಗಳಿಂದಲೂ ರಕ್ಷಣೆಯಿದೆಯೇ ಎಂದು ನೋಡಿ, ಐರನ್ ಆಕ್ಸೈಡ್ ಇರುವ ಬಣ್ಣದ್ದನ್ನೇ ಆರಿಸಿ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಸಾಧ್ಯವಿದ್ದರೆ ಮೇಜನ್ನೇ ಸರಿಸಿ, ಅಥವಾ ಕಿಟಕಿಗೆ ದಪ್ಪ ಪರದೆ ಹಾಕಿಸಿ.

ಮಾತ್ರೆ ನಿಲ್ಲಿಸಿದ್ದರಿಂದ ಬಂಗು ತಾನಾಗಿ ಕಡಿಮೆಯಾಗಬಹುದು, ಆಗದೆಯೂ ಇರಬಹುದು. ರಕ್ಷಣೆಯ ಜೊತೆಗೆ ವೈದ್ಯರು ಸೂಚಿಸಿದ ಚಿಕಿತ್ಸೆ ನಡೆದರೆ ಮೊದಲ ಬದಲಾವಣೆ ಕಾಣಲು ಎರಡು ಮೂರು ತಿಂಗಳು ಬೇಕು. ಮೊಡವೆಯ ಕಲೆಗಳಿಗೆ ಆರು ತಿಂಗಳಿಂದ ಒಂದು ವರ್ಷ ಎಂದುಕೊಳ್ಳಿ. ಬಂಗು ಪೂರ್ತಿ ಅಳಿಯಿತೆಂದುಕೊಂಡು ರಕ್ಷಣೆ ಬಿಟ್ಟವರಲ್ಲಿ ಅದು ಮರಳುವುದೇ ಹೆಚ್ಚು. ಅದನ್ನು ಹತೋಟಿಯಲ್ಲಿಡಬೇಕಾದ ಸ್ಥಿತಿಯೆಂದು ತಿಳಿದರೆ ನಿರಾಶೆ ಕಡಿಮೆ. ಗೆರೆಗಳಿಗೆ ಟ್ರೆಟಿನಾಯಿನ್‌ನಂಥ ರೆಟಿನಾಯ್ಡ್ ಮುಲಾಮುಗಳಿಗಿರುವಷ್ಟು ಆಧಾರ ಬೇರೆ ಯಾವ ಲೇಪಕ್ಕೂ ಇಲ್ಲ, ಬಣ್ಣಕ್ಕೂ ಅವುಗಳಿಂದ ಅನುಕೂಲವಿದೆ. ಆದರೆ ರಾತ್ರಿಯ ಹೊತ್ತು, ಅತಿ ಕಡಿಮೆ ಪ್ರಮಾಣದಲ್ಲಿ, ವಾರಕ್ಕೆರಡು ಸಲದಿಂದ ಆರಂಭಿಸಿ, ಬಸಿರಿನಲ್ಲಿ ಬಳಸುವಂತಿಲ್ಲ. ಲೇಸರ್ ಬಗ್ಗೆ ಯಾರಾದರೂ ಆಸೆ ಹುಟ್ಟಿಸಿದರೆ ಒಂದಲ್ಲ ಎರಡು ಸಲ ಯೋಚಿಸಿ. ಬಿಸಿಲಿನ ಮಚ್ಚೆಗೆ ಅದು ಒಪ್ಪುತ್ತದೆ. ಬಂಗಿಗೆ, ಅದರಲ್ಲಿಯೂ ಕಪ್ಪು ಮೈಬಣ್ಣದವರಿಗೆ, ಅದರ ಶಾಖವೇ ಕಲೆಯನ್ನು ಹೆಚ್ಚಿಸಬಹುದು.

ಗಾಜಿನಾಚೆ

ಕಿಟಕಿಗೆ ನೇರಳಾತೀತ ತಡೆಯುವ ಪಾರದರ್ಶಕ ಹಾಳೆಯನ್ನೂ ಅಂಟಿಸಬಹುದು. ಅದು ಎ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ, ಆದರೆ ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವುದಿಲ್ಲವಾದ್ದರಿಂದ ಬಂಗು ಇರುವವರಿಗೆ ಹೊಂಗೆನೆರಳು ಅವರು ಹೇಳಿದ ಪರದೆಯೇ ಮೇಲು.

ಅರಳಿಕಟ್ಟೆ

ಚರ್ಚೆಯಲ್ಲಿ ಬಿಟ್ಟುಹೋದ ಒಂದು ಮುಖ್ಯ ಸಂಗತಿಯನ್ನು ಸೇರಿಸುತ್ತೇನೆ. ಯಾವುದೇ ಮಚ್ಚೆಯ ಎರಡು ಅರ್ಧಗಳು ಒಂದರಂತೆ ಒಂದು ಇಲ್ಲದಿದ್ದರೆ, ಅಂಚು ಹರಿದಂತಿದ್ದರೆ, ಒಂದೇ ಮಚ್ಚೆಯಲ್ಲಿ ಹಲವು ಬಣ್ಣಗಳಿದ್ದರೆ, ಅಗಲ 6 ಮಿಲಿಮೀಟರ್ ಮೀರಿದ್ದರೆ, ಎಲ್ಲಕ್ಕಿಂತ ಹೆಚ್ಚಾಗಿ ಅದು ಬದಲಾಗುತ್ತಿದ್ದರೆ, ರಕ್ತ ಸೋರಿದರೆ, ಮುಲಾಮು ಹಚ್ಚುತ್ತ ಕೂರದೆ ಕೂಡಲೇ ತೋರಿಸಬೇಕು. ಅದು ಮೆಲನೋಮ ಎಂಬ ಕ್ಯಾನ್ಸರ್ ಆಗಿರಬಹುದು. ಕಪ್ಪು ಚರ್ಮದವರಲ್ಲಿ ಅದು ಅಪರೂಪ, ಆದರೆ ಬಂದಾಗ ಬಿಸಿಲು ತಾಕದ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಬರುವುದೇ ಹೆಚ್ಚಾದ್ದರಿಂದ ತಡವಾಗಿ ಪತ್ತೆಯಾಗುತ್ತದೆ. ಗಾಯಕ ಬಾಬ್ ಮಾರ್ಲಿ ಅವರ ಕಾಲ್ಬೆರಳ ಉಗುರಿನ ಅಡಿಯಲ್ಲಿ ಆರಂಭವಾದದ್ದು ಈ ಬಗೆಯದೇ. 1981ರಲ್ಲಿ, 36ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪುಗೆರೆಯನ್ನು ಪೆಟ್ಟು ಬಿದ್ದದ್ದೆಂದು ತಳ್ಳಿಹಾಕಬಾರದು.

ಹಾಗೆಯೇ ಮೈಯೆಲ್ಲ ಒಟ್ಟಾಗಿ ಕಪ್ಪಾಗುತ್ತಿದ್ದು, ಅಂಗೈಯ ಗೆರೆಗಳೂ ಒಸಡುಗಳೂ ಕಪ್ಪಾಗಿ, ಆಯಾಸ ಮತ್ತು ತೂಕ ಇಳಿಕೆ ಜೊತೆಗಿದ್ದರೆ ಅಡ್ರಿನಲ್ ಗ್ರಂಥಿಯ ಕೊರತೆಯನ್ನು ಪರೀಕ್ಷಿಸಬೇಕು. ಬೆರಳ ಗೆಣ್ಣುಗಳು ಕಪ್ಪಾಗುವುದು ವಿಟಮಿನ್ ಬಿ12 ಕೊರತೆಯಿಂದಲೂ ಇರಬಹುದು. ಮಲೇರಿಯ, ಸಂಧಿವಾತ, ಹೃದಯದ ಲಯ, ಮೊಡವೆ ಇವುಗಳಿಗೆ ಕೊಡುವ ಕೆಲವು ಔಷಧಗಳೂ ಚರ್ಮವನ್ನು ಬೂದುಗಪ್ಪಾಗಿಸುತ್ತವೆ. ವೈದ್ಯರ ಬಳಿ ಹೋಗುವಾಗ ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ.

ತಿಳಿಗೊಳ

ತಮ್ಮನ ರಕ್ತಪರೀಕ್ಷೆ ಮಾಡಿಸಿದೆವು. ಸಕ್ಕರೆ ಗಡಿಯ ಆಸುಪಾಸಿನಲ್ಲಿದೆ ಎಂದು ವೈದ್ಯರು ಹೇಳಿ ಆಹಾರ ಮತ್ತು ನಡಿಗೆಯ ಬಗ್ಗೆ ಸೂಚನೆ ಕೊಟ್ಟಿದ್ದಾರೆ. ತೂಕ ಇಳಿದರೆ ಕತ್ತಿನ ಕಪ್ಪೂ ತಿಂಗಳುಗಳಲ್ಲಿ ತಿಳಿಯಾಗಬಹುದಂತೆ. ಉಜ್ಜುವ ನಾರನ್ನು ಎಸೆದಿದ್ದಾನೆ.